ಸಹಿಗೆ ಅಪ್ಪ, ಮಾತಿಗೆ ಅಮ್ಮ

(ಅಂಗನವಾಡಿ ಮೇಲ್ವಿಚಾರಕಿಯರು, ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿ ಮತ್ತು ಸಮಾಜ ಕಾರ್ಯದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದೆರಡು ಕಾನೂನಿನ ಮಾತು. ಬೇಗ ಮುಗಿಸುತ್ತೇನೆ, ಹೆದರಬೇಡಿ.

1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ 6ನೇ ಕಲಂ ಪ್ರಕಾರ ಮಗುವಿನ ಸಹಜ ಪಾಲಕ ಅಪ್ಪ. ಅವನ ನಂತರ ಅಮ್ಮ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ಅಮ್ಮನ ಹತ್ತಿರ ಇರಬೇಕು ಅಂತಲೂ ಅದೇ ಕಲಂ ಹೇಳುತ್ತದೆ. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ವಲ್ಪ ಸಡಿಲ ಮಾಡಿತು. ಅಪ್ಪ ಬದುಕಿದ್ದೂ ಮಗುವಿನ ಜವಾಬ್ದಾರಿ ಹೊರದೆ ದೂರ ಇದ್ದರೆ ಅಮ್ಮನೇ ಪಾಲಕಿಯಾಗಬಹುದು ಅಂತ ಹೇಳಿತು. ಆದರೂ ಕಾಗದದ ಮೇಲೆ ಮೊದಲ ಹೆಸರು ಇವತ್ತಿಗೂ ಅಪ್ಪನದೇ.

ಈಗ ನಿಮ್ಮ ನಿಮ್ಮ ಕಚೇರಿ ನೆನಪು ಮಾಡಿಕೊಳ್ಳಿ. ಮಗು ಶಾಲೆಗೆ ಬರುತ್ತಿಲ್ಲ, ಯಾರನ್ನು ಕರೆಸಿದಿರಿ? ಅಮ್ಮನನ್ನು. ತೂಕ ಕಡಿಮೆ ಇದೆ, ಯಾರಿಗೆ ಬುದ್ಧಿ ಹೇಳಿದಿರಿ? ಅಮ್ಮನಿಗೆ. ಹುಡುಗ ಮನೆ ಬಿಟ್ಟು ರೈಲು ಹತ್ತಿದ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅಳುತ್ತಾ ಕೂತವರು ಯಾರು? ಅವಳೇ. ಅಪ್ಪ ಎಲ್ಲಿ? ಹೊರಗೆ ಬೆಂಚಿನ ಮೇಲೆ, ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್ ಹಿಡಿದುಕೊಂಡು. ಕೊನೆಗೆ ಒಳಗೆ ಕರೆಯುತ್ತೇವೆ, 'ಇಲ್ಲಿ ಸಹಿ ಮಾಡಪ್ಪ' ಅನ್ನುತ್ತೇವೆ. ಯಾದಗಿರಿಯಿಂದ ರಾತ್ರಿ ಬಸ್ಸು ಹತ್ತಿ, ಒಂದು ದಿನದ ಕೂಲಿ ಬಿಟ್ಟು ಬಂದ ಮನುಷ್ಯನಿಗೆ ನಮ್ಮ ವ್ಯವಸ್ಥೆ ಆಡುವ ಮಾತು ಅಷ್ಟೇ.

ಸಹಿಗೆ ಅಪ್ಪ, ಮಾತಿಗೆ ಅಮ್ಮ. ಇದರಿಂದ ಏನಾಗುತ್ತಿದೆ ಅನ್ನುವುದೇ ಇವತ್ತಿನ ವಿಷಯ. 'ಅಪ್ಪಂದಿರೂ ಪಾಪ ಒಳ್ಳೆಯವರು' ಅಂತ ವಕಾಲತ್ತು ಮಾಡಲು ನಾನು ಬಂದಿಲ್ಲ. ಒಳ್ಳೆಯ ಅಪ್ಪನೂ ಇದ್ದಾನೆ, ಮಗುವಿಗೆ ಅಪಾಯ ಆಗುವ ಅಪ್ಪನೂ ಇದ್ದಾನೆ. ಇಬ್ಬರಲ್ಲಿ ಯಾರು ಯಾರು ಅಂತ ನಮಗೆ ಗೊತ್ತೇ ಆಗುತ್ತಿಲ್ಲ. ಕೇಳಿದರೆ ತಾನೇ ಗೊತ್ತಾಗುವುದು?

ಶುರುವಿನಿಂದಲೇ ನೋಡೋಣ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತ ಮುಗಿಸಿ ಹುಡುಗಿ ತವರಿಗೆ ಹೋದರೆ ಬಾಣಂತನ ಮುಗಿದು, ತೊಟ್ಟಿಲು ಶಾಸ್ತ್ರ ಎಲ್ಲಾ ಆಗಿ, ಮೂರನೆಯದೋ ಐದನೆಯದೋ ತಿಂಗಳಲ್ಲಿ ಗಂಡನ ಮನೆಗೆ ಬರುತ್ತಾಳೆ. ಇದು ಒಳ್ಳೆಯ ಪದ್ಧತಿ, ಹುಡುಗಿಗೆ ಒಂದಿಷ್ಟು ಆರೈಕೆ ಸಿಗುವುದು ಅಲ್ಲಿಯೇ. ಆದರೆ ಇದೇ ಹೊತ್ತಿನಲ್ಲಿ ಸರ್ಕಾರದ ಸೇವೆ ಕೂಸಿನ ಬಾಗಿಲಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆ ಆದರೆ 3, 7, 14, 21, 28, 42ನೇ ದಿನ, ಹೀಗೆ ಆರು ಸಲ ಆಶಾ ಕಾರ್ಯಕರ್ತೆ ಮನೆಗೆ ಬಂದು ಕೂಸನ್ನು ನೋಡಬೇಕು. ಎದೆಹಾಲು ಹೇಗೆ ಕೊಡಬೇಕು, ಬೆಚ್ಚಗೆ ಹೇಗಿಡಬೇಕು, ಯಾವ ಲಕ್ಷಣ ಕಂಡರೆ ತಕ್ಷಣ ಆಸ್ಪತ್ರೆಗೆ ಓಡಬೇಕು, ಎಲ್ಲಾ ಹೇಳಿಕೊಡುತ್ತಾರೆ. ಅಪ್ಪ ಆಗ ಎಲ್ಲಿದ್ದಾನೆ? ಬೇರೆ ಊರಿನಲ್ಲಿ. ಭಾನುವಾರ ಹಣ್ಣು ಹಿಡಿದು ಬರುತ್ತಾನೆ, ಮಾವನ ಮನೆಯ ಪಡಸಾಲೆಯಲ್ಲಿ ನೆಂಟನ ಹಾಗೆ ಕೂತು ಹೋಗುತ್ತಾನೆ. ಹೆರಿಗೆಯ ದಿನವೂ ಅಷ್ಟೇ. ಲೇಬರ್ ವಾರ್ಡಿನ ಒಳಗೆ ಗಂಡಸರಿಗೆ ಪ್ರವೇಶ ಇಲ್ಲ. 'ಈ ಚೀಟಿ ತಗೊಂಡು ಹೋಗಿ, ಬ್ಲಡ್ ತನ್ನಿ' ಅನ್ನುವುದೇ ಆಸ್ಪತ್ರೆ ಅವನಿಗೆ ಕೊಟ್ಟ ಮೊದಲ ಪಾತ್ರ.

ಆಮೇಲೆ ನಾಲ್ಕು ತಿಂಗಳ ಕೂಸು ಮನೆಗೆ ಬರುತ್ತದೆ. ರಾತ್ರಿ ಎರಡು ಗಂಟೆಗೆ ಅಳಲು ಶುರು ಮಾಡುತ್ತದೆ. ಅವನಿಗೆ ಏನು ಗೊತ್ತು? ಯಾರೂ ಏನೂ ಹೇಳಿಲ್ಲ. ಅಳುವ ಕೂಸನ್ನು ಸಿಟ್ಟಿನಲ್ಲಿ ಜೋರಾಗಿ ಅಲುಗಾಡಿಸಿದರೆ ಮಿದುಳಿಗೆ ಪೆಟ್ಟಾಗುತ್ತದೆ, ಜೀವವೇ ಹೋಗಬಹುದು ಅನ್ನುವ ಮಾತು ಎಷ್ಟು ಅಪ್ಪಂದಿರ ಕಿವಿಗೆ ಬಿದ್ದಿದೆ? ಇದು ಸುಮ್ನೆ ಹೇಳುತ್ತಿರುವ ಮಾತಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳ ಸಾವು ಮತ್ತು ಗಂಭೀರ ಗಾಯದ ಪ್ರಕರಣಗಳನ್ನು ಪರಿಶೀಲಿಸುವ ರಾಷ್ಟ್ರ ಮಟ್ಟದ ಸಮಿತಿ ಇದೆ. ಒಂದು ವರ್ಷ ತುಂಬದ ಕೂಸುಗಳಿಗೆ ಮನೆಯ ಗಂಡಸರಿಂದಲೇ ಆದ ಗಾಯಗಳ ಬಗ್ಗೆ 2021ರಲ್ಲಿ ಅದು ಒಂದು ವರದಿ ಕೊಟ್ಟಿತು. ಆ ಗಂಡಸರ ಬಗ್ಗೆ ಸೇವೆಗಳಿಗೆ ತಿಳಿದಿದ್ದದ್ದು ಬಹಳ ಕಡಿಮೆ ಅನ್ನುವುದು ಅದರಲ್ಲಿ ಎದ್ದು ಕಾಣುವ ಅಂಶ. ದಾದಿಯರು ಮನೆಗೆ ಹೋಗುತ್ತಿದ್ದರು. ಮಾತು, ಕಡತ, ತರಬೇತಿ ಎಲ್ಲಾ ತಾಯಿಯ ಸುತ್ತಲೇ ಇತ್ತು. ಅಷ್ಟು ದುಡ್ಡು, ಅಷ್ಟು ಸಿಬ್ಬಂದಿ ಇರುವ ದೇಶದ ಕಥೆ ಇದು. ನಮ್ಮದನ್ನು ನೀವೇ ಊಹಿಸಿ.

ನಮ್ಮ ಸೇವೆಗಳು ಹೀಗೆ ಆಗಿದ್ದಕ್ಕೂ ಕಾರಣ ಇದೆ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಇವತ್ತು 65,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. ಫಲಾನುಭವಿ ಯಾರು? ಗರ್ಭಿಣಿ, ಬಾಣಂತಿ, ಆರು ವರ್ಷದೊಳಗಿನ ಮಗು, ಕಿಶೋರಿ. ಅಪ್ಪ ಫಲಾನುಭವಿ ಅಲ್ಲ, ಹಾಗಾಗಿ ಅವನಿಗೊಂದು ರಿಜಿಸ್ಟರ್ ಇಲ್ಲ. ನಮ್ಮಲ್ಲಿ ರಿಜಿಸ್ಟರ್ ಇಲ್ಲದ ಮನುಷ್ಯ ಇದ್ದೂ ಇಲ್ಲದ ಹಾಗೆ, ಅಲ್ವಾ?

ಇನ್ನೊಂದು ಕಾರಣ ಇಲ್ಲಿ ಕೂತಿರುವ ನಿಮಗೆಲ್ಲ ಚೆನ್ನಾಗಿ ಗೊತ್ತು. ಟೀಚರ್ ಹೆಂಗಸು, ಸಹಾಯಕಿ ಹೆಂಗಸು, ಆಶಾ ಹೆಂಗಸು, ಮೇಲ್ವಿಚಾರಕಿ ಹೆಂಗಸು. ಅಪ್ಪ ಮನೆಯಲ್ಲಿ ಸಿಗುವುದು ಸಂಜೆ ಏಳರ ಮೇಲೆ. ಆ ಹೊತ್ತಿಗೆ, ಕುಡಿದಿರಬಹುದಾದ ಗಂಡಸಿನ ಮನೆಗೆ, ಒಬ್ಬಳೇ ಹೋಗಿ 'ಅಣ್ಣಾ, ನಿಮ್ಮ ಮಗನ ಬಗ್ಗೆ ಮಾತಾಡಬೇಕಿತ್ತು' ಅನ್ನಿ ಅಂತ ನಾನು ಹೇಳುವುದಿಲ್ಲ. ಗೌರವಧನ ಕೊಟ್ಟು ದುಡಿಸಿಕೊಳ್ಳುವ ಸರ್ಕಾರ ಆ ಅಪಾಯವನ್ನೂ ನಿಮ್ಮ ತಲೆಗೆ ಕಟ್ಟುವುದು ತಪ್ಪು. ಅಪ್ಪಂದಿರನ್ನು ಒಳಗೊಳ್ಳಿ ಅಂತ ಸುತ್ತೋಲೆ ಹೊರಡಿಸುವವರು ಮೊದಲು ಇದಕ್ಕೆ ಉತ್ತರ ಕೊಡಲಿ. ಇಬ್ಬರು ಜೊತೆಯಾಗಿ ಹೋಗಲು ವ್ಯವಸ್ಥೆ, ಗಂಡು ಸಿಬ್ಬಂದಿ, ಭಾನುವಾರದ ಕೆಲಸಕ್ಕೆ ಬದಲಿ ರಜೆ. ಇವು ಇಲ್ಲದೆ ಬರೀ ಭಾಷಣದಿಂದ ಏನೂ ಆಗದು. ನನ್ನ ಭಾಷಣವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಈಗ ಮಕ್ಕಳ ರಕ್ಷಣಾ ಘಟಕದವರ ಕಡೆ ತಿರುಗುತ್ತೇನೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಪ್ರಯಾಣದ ಸಮಯ ಇದರಲ್ಲಿ ಸೇರದು. ಮಗುವಿನ ಮನೆಯ ಪರಿಸ್ಥಿತಿ ವಿಚಾರಿಸಿ ಬರೆಯುವ ಸಾಮಾಜಿಕ ತನಿಖಾ ವರದಿ 15 ದಿನದೊಳಗೆ ಬರಬೇಕು. ಆ ವರದಿಯ ಮೇಲೆ ಮಗು ಮನೆಗೆ ಹೋಗುತ್ತದೋ, ಬಾಲಮಂದಿರದಲ್ಲಿ ಉಳಿಯುತ್ತದೋ, ಚಿಕ್ಕಮ್ಮನ ಮನೆಗೋ ಅನ್ನುವುದು ನಿಂತಿದೆ. ಅಂದರೆ ಮಗುವಿನ ಮುಂದಿನ ಹತ್ತು ವರ್ಷ ಆ ಕಾಗದದಲ್ಲಿದೆ.

ಆ ವರದಿಯ ನಮೂನೆಯಲ್ಲಿ ಮನೆಯವರ ಸಂಬಂಧ ಹೇಗಿದೆ ಅಂತ ಒಂದು ಭಾಗ ಇದೆ. ಅಪ್ಪ ಮತ್ತು ಅಮ್ಮ, ಅಪ್ಪ ಮತ್ತು ಮಗು, ಅಮ್ಮ ಮತ್ತು ಮಗು, ಹೀಗೆ ಸಾಲಾಗಿ. ಪ್ರತಿಯೊಂದರ ಎದುರು ಮೂರು ಆಯ್ಕೆ: ಚೆನ್ನಾಗಿದೆ, ಚೆನ್ನಾಗಿಲ್ಲ, ಗೊತ್ತಿಲ್ಲ. ಆ ಮೂರನೆಯದು ಇದೆಯಲ್ಲ, ಅದು ಬಹಳ ಸುಲಭ. 'ಅಪ್ಪ ಮತ್ತು ಮಗು' ಅನ್ನುವ ಸಾಲಿನಲ್ಲಿ ಅದಕ್ಕೆ ಟಿಕ್ ಹಾಕಿ ಮುಂದೆ ಹೋದ ವರದಿಗಳನ್ನು ನಾನು ಜಾಸ್ತಿಯೇ ನೋಡಿದ್ದೇನೆ. ಉದ್ಯೋಗ ಕೂಲಿ. ಚಟ ಕುಡಿತ. ಸಂಬಂಧ ಗೊತ್ತಿಲ್ಲ. ಕುಡಿತದ ಬಗ್ಗೆ ಗೊತ್ತಾಗಿದೆ, ಮಗುವಿನ ಜೊತೆಗಿನ ಸಂಬಂಧ ಗೊತ್ತಾಗಿಲ್ಲ. ಯಾಕೆಂದರೆ ಕುಡಿತದ ಸುದ್ದಿ ಹೆಂಡತಿಯಿಂದಲೋ ಪಕ್ಕದ ಮನೆಯವರಿಂದಲೋ ಸಿಗುತ್ತದೆ. ಎರಡನೆಯದಕ್ಕೆ ಅವನನ್ನೇ ಕೂರಿಸಿಕೊಂಡು ಮಾತಾಡಿಸಬೇಕು, ಅದಕ್ಕಿಂತ ಮುಖ್ಯವಾಗಿ ಮಗುವನ್ನು ಕೇಳಬೇಕು.

'ಗೊತ್ತಿಲ್ಲ' ಅಂತ ಟಿಕ್ ಹಾಕಿದ ಕೂಡಲೇ ಎರಡು ಬಾಗಿಲು ಮುಚ್ಚುತ್ತವೆ. ಅವನಿಂದ ಅಪಾಯ ಇದ್ದರೆ ಅದು ಕಾಣುವುದಿಲ್ಲ. ಮಗುವನ್ನು 'ಪೋಷಕರ ವಶಕ್ಕೆ' ಕೊಡುತ್ತೇವೆ, ಆ ಪೋಷಕರಲ್ಲಿ ಒಬ್ಬರನ್ನು ನಾವು ನೋಡಿಯೇ ಇಲ್ಲ. ಅವನಿಂದ ಸಹಾಯ ಸಿಗುವ ಹಾಗಿದ್ದರೆ ಅದೂ ಕಾಣುವುದಿಲ್ಲ. ಸಹಾಯ ಅಂದರೆ ಅವನೊಬ್ಬನೇ ಅಲ್ಲ, ಅವನ ಕಡೆಯವರೆಲ್ಲ. ಅಜ್ಜಿ, ಅತ್ತೆ, ದೊಡ್ಡಪ್ಪ. ಅಮ್ಮ ಕಾಯಿಲೆ ಬಿದ್ದಾಗಲೋ ಮನೆ ಬಿಟ್ಟು ಹೋದಾಗಲೋ ನಾವು ಅಮ್ಮನ ಕಡೆಯ ಇಬ್ಬರು ನೆಂಟರಿಗೆ ಫೋನ್ ಮಾಡಿ, ಆಗಲ್ಲ ಅಂದರೆ 'ಯಾರೂ ಇಲ್ಲ' ಅಂತ ಬರೆದು ಮಗುವನ್ನು ಸಂಸ್ಥೆಗೆ ಸೇರಿಸುತ್ತೇವೆ. ಸಂಸ್ಥೆ ಕೊನೆಯ ದಾರಿ ಆಗಿರಬೇಕು ಅಂತ ಅದೇ ಕಾಯ್ದೆಯ 3ನೇ ಕಲಂ ಹೇಳುತ್ತದೆ. ಅಪ್ಪನ ಕಡೆಯ ಅರ್ಧ ವಂಶವನ್ನು ಕೇಳದೆ ಕೊನೆಯ ದಾರಿಗೆ ಬಂದೆವು ಅನ್ನುವುದು ಹೇಗೆ?

ಮೂರನೆಯವಳೊಬ್ಬಳಿದ್ದಾಳೆ, ಅಮ್ಮ. ಅಪ್ಪ ಕಡತದಿಂದ ಮಾಯವಾದರೆ ಅಲ್ಲಿ ಉಳಿದವಳು ಇವಳೊಬ್ಬಳೇ. ಆಗ ನಾವು ಬರೆಯುವ ವಾಕ್ಯ ನೋಡಿ: 'ತಾಯಿಯ ನಿರ್ಲಕ್ಷ್ಯ ಕಂಡುಬಂದಿದೆ.' ಅವಳು ಬೆಳಗ್ಗೆ ಆರಕ್ಕೆ ಗಾರ್ಮೆಂಟ್ಸ್‌ಗೆ ಹೋಗಬೇಕು, ಮನೆಯಲ್ಲಿ ಮಧ್ಯಾಹ್ನದವರೆಗೆ ಮಲಗಿರುವ ಗಂಡ ಇದ್ದಾನೆ, ಮಗು ಬೀದಿಯಲ್ಲಿದೆ. ನಿರ್ಲಕ್ಷ್ಯ ಮಾತ್ರ ಅವಳದು. ಗಂಡ ಹೊಡೆದರೆ 'ಮಗುವನ್ನು ಕಾಪಾಡಲು ತಾಯಿ ವಿಫಲಳಾಗಿದ್ದಾಳೆ'. ಹೊಡೆದವನ ಬಗ್ಗೆ ಆ ಪುಟದಲ್ಲಿ ಒಂದು ಸಾಲೂ ಇರುವುದಿಲ್ಲ. ಅಪ್ಪನನ್ನು ಕೂರಿಸಿ ಮಾತಾಡಿಸಿ ಅನ್ನುವುದು ಗಂಡಸರ ಪರ ವಾದ ಅಂತ ಕೆಲವರು ನನಗೆ ಹೇಳಿದ್ದಾರೆ. ನನಗೆ ಅದು ಹೆಂಗಸಿನ ಹೊರೆ ಇಳಿಸುವ ಕೆಲಸವಾಗಿಯೇ ಕಾಣುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಳಗೊಳ್ಳುವುದು ಅಂದರೆ ರಾಜಿ ಮಾಡಿಸುವುದಲ್ಲ. ನಮ್ಮ ರಕ್ತದಲ್ಲಿ ಪಂಚಾಯಿತಿ ಇದೆ. ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ, 'ಮಕ್ಕಳ ಮುಖ ನೋಡಿಕೊಂಡು ಹೊಂದಿಕೊಂಡು ಹೋಗಿ' ಅನ್ನುವುದು ನಮಗೆ ಬಾಯಿಪಾಠ. ಹೊಡೆತ ಇರುವ ಮನೆಯಲ್ಲಿ ಹೀಗೆ ಮಾಡಬಾರದು. ಅವನನ್ನು ಬೇರೆ ದಿನ, ಬೇರೆ ಜಾಗದಲ್ಲಿ, ಬೇರೆಯಾಗಿಯೇ ಮಾತಾಡಿಸಬೇಕು. ಹೆಂಡತಿ ಏನು ಹೇಳಿದಳು ಅನ್ನುವುದು ಅವನಿಗೆ ಗೊತ್ತಾಗಬಾರದು. ಮಗು ಏನು ಹೇಳಿತು ಅನ್ನುವುದಂತೂ ಖಂಡಿತ ಗೊತ್ತಾಗಬಾರದು.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ನಾವು ಮರೆತೇ ಬಿಡುವ ಎರಡು ಕಲಂಗಳಿವೆ. 19ನೇ ಕಲಂ ಅಡಿಯಲ್ಲಿ ಮ್ಯಾಜಿಸ್ಟ್ರೇಟರು ಹೊಡೆಯುವವನನ್ನೇ ಮನೆಯಿಂದ ಹೊರಗೆ ಇರು ಅನ್ನಬಹುದು. 21ನೇ ಕಲಂ ಅಡಿಯಲ್ಲಿ ಮಗುವನ್ನು ತಾತ್ಕಾಲಿಕವಾಗಿ ಅಮ್ಮನ ವಶಕ್ಕೆ ಕೊಟ್ಟು, ಅಪ್ಪ ಯಾವಾಗ ನೋಡಬಹುದು ಅಂತ ಹೇಳಬಹುದು, ಭೇಟಿಯಿಂದ ಮಗುವಿಗೆ ಹಾನಿ ಅನ್ನಿಸಿದರೆ ಬೇಡವೇ ಬೇಡ ಅನ್ನಲೂಬಹುದು. ಆದರೆ ನಾವು ಏನು ಮಾಡುತ್ತೇವೆ? ಹೊಡೆಯುವವನು ಮನೆಯಲ್ಲಿ ಇರುತ್ತಾನೆ. ಅಮ್ಮ ನೊಂದ ಹೆಂಗಸರ ಸಾಂತ್ವನ ಕೇಂದ್ರಕ್ಕೆ, ಮಗು ಬಾಲಮಂದಿರಕ್ಕೆ. ಮಗುವಿನ ಶಾಲೆ ಹೋಯಿತು, ಗೆಳೆಯರು ಹೋದರು, ಅಮ್ಮನೂ ಹೋದಳು. ಅಪ್ಪನನ್ನು ಕಡತದ ಮಧ್ಯಕ್ಕೆ ತಂದರೆ ಮಾತ್ರ 'ಹೊರಗೆ ಹೋಗಬೇಕಾದವರು ಯಾರು?' ಅನ್ನುವ ಪ್ರಶ್ನೆ ಹುಟ್ಟುತ್ತದೆ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪ್ರಕರಣದಲ್ಲಿ ಅಪ್ಪನ ಮೇಲೇ ಆರೋಪ ಇದ್ದರೆ ಅವನನ್ನು ವಿಚಾರಿಸುವುದು ಪೊಲೀಸರ ಕೆಲಸ. ಅಲ್ಲಿ ನಿಮ್ಮ ಸಮಾಲೋಚನೆ, ಉಪದೇಶ ಯಾವುದೂ ಬೇಡ.

ಬಾಲ್ಯವಿವಾಹಕ್ಕೆ ಬರೋಣ. ಇಲ್ಲಿ ಮಾತ್ರ ವ್ಯವಸ್ಥೆಗೆ ಅಪ್ಪ ತಕ್ಷಣ ನೆನಪಾಗುತ್ತಾನೆ, ಯಾಕೆಂದರೆ ಮದುವೆ ನಿಶ್ಚಯ ಮಾಡುವವನು ಅವನು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಬರುತ್ತದೆ, ಎಲ್ಲರೂ ಜೀಪು ಹತ್ತಿ ಚಪ್ಪರದ ಮುಂದೆ ಇಳಿಯುತ್ತಾರೆ, ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡು ವಾಪಸ್ಸು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 2017ರಲ್ಲಿ ಬಂದ ಮೇಲೆ ನಮ್ಮಲ್ಲಿ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಲ್ಲಿ ಅದು ಮದುವೆಯೇ ಅಲ್ಲ. ಇಷ್ಟು ಗಟ್ಟಿ ಕಾನೂನು ಇದ್ದೂ ಮೂರು ತಿಂಗಳಿಗೆ ಬೇರೆ ಊರಿನ ದೇವಸ್ಥಾನದಲ್ಲಿ ಮದುವೆ ಆಗಿಹೋಗಿರುತ್ತದೆ. ಮುಚ್ಚಳಿಕೆ ಬರೆಸುವಾಗ ಒಂದು ಪ್ರಶ್ನೆ ಕೇಳಿದ್ದರೆ? 'ಯಾಕಪ್ಪಾ ಇಷ್ಟು ಅವಸರ?' ಹೈಸ್ಕೂಲು ಎಂಟು ಕಿಲೋಮೀಟರ್ ದೂರ, ಬಸ್ಸಿಲ್ಲ ಅನ್ನಬಹುದು. ಕಬ್ಬು ಕಡಿಯಲು ಹೋಗಬೇಕು, ಹುಡುಗಿಯನ್ನು ಯಾರ ಹತ್ತಿರ ಬಿಡಲಿ ಅನ್ನಬಹುದು. ದೊಡ್ಡವಳ ಮದುವೆಯ ಜೊತೆಗೇ ಇವಳದೂ ಮಾಡಿದರೆ ಒಂದೇ ಊಟದ ಖರ್ಚು ಅನ್ನಬಹುದು. ಮೊದಲ ಎರಡಕ್ಕೆ ಹಾಸ್ಟೆಲ್ ಸೀಟು ಕೊಡಿಸಿದರೆ ಅರ್ಧ ಕೆಲಸ ಆದಂತೆ. ಮೂರನೆಯದಕ್ಕೆ ಕಾನೂನಿನ ಭಯವೇ ಬೇಕು, ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಂತ ಬಿಡಿಸಿ ಹೇಳಿ. ಆದರೆ ಕಾರಣ ಯಾವುದು ಅಂತ ಮುಚ್ಚಳಿಕೆಯಲ್ಲಿ ಇರುವುದಿಲ್ಲ.

ಹೆಂಡತಿ ತೀರಿಕೊಂಡ ಅಪ್ಪ. ಇವನ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಯಾರಿಗೆ ಅನ್ನುವ ಪಟ್ಟಿಯಲ್ಲಿ ಮೊದಲು ಇರುವುದು ತಾಯಿ ವಿಧವೆ, ವಿಚ್ಛೇದಿತೆ ಅಥವಾ ಮನೆಯವರು ಕೈಬಿಟ್ಟವಳು ಅನ್ನುವುದು. ವಿಧುರ ಅಪ್ಪನ ಹೆಸರು ಆ ಸಾಲಿನಲ್ಲಿ ಇಲ್ಲ. ಹಾಗಂತ ಅರ್ಜಿ ವಾಪಸ್ ಕೊಟ್ಟು ಕಳಿಸಬೇಡಿ. ಪಟ್ಟಿಯ ಮುಂದಿನ ಸಾಲುಗಳಂತೆ ಅಪ್ಪನಿಗೆ ಗಂಭೀರ ಕಾಯಿಲೆ ಇದೆಯಾ, ಅಪಘಾತದಿಂದ ಕೈಲಾಗದ ಸ್ಥಿತಿ ಬಂದಿದೆಯಾ ನೋಡಿ. ಇಲ್ಲದಿದ್ದರೆ ಮಗುವೇ ರಕ್ಷಣೆ ಬೇಕಾದ ಸ್ಥಿತಿಯಲ್ಲಿದೆಯಾ ನೋಡಿ, ಆ ದಾರಿಯಲ್ಲಿ ಸಮಿತಿಯ ಮುಂದೆ ತನ್ನಿ. ನಮ್ಮ ಜನ ಅವನಿಗೆ ಕೊಡುವ ಸಲಹೆ ಎರಡೇ: 'ಮಕ್ಕಳಿಗೋಸ್ಕರ ಇನ್ನೊಂದು ಮದುವೆ ಆಗು', ಇಲ್ಲವೇ 'ಹೆಣ್ಣು ಮಗುವನ್ನು ಹಾಸ್ಟೆಲ್‌ಗೆ ಹಾಕು'. 'ಜಡೆ ಹಾಕಲು ಕಲಿ' ಅಂತ ಯಾರೂ ಹೇಳುವುದಿಲ್ಲ. 2023ರಲ್ಲಿ ರಾಜ್ಯ ಸರ್ಕಾರ ಒಂಟಿ ಪೋಷಕರಾದ ಗಂಡು ನೌಕರರಿಗೂ 180 ದಿನದ ಶಿಶುಪಾಲನಾ ರಜೆ ಕೊಟ್ಟಿತು. ಸಂತೋಷ. ಅದು ಸರ್ಕಾರಿ ನೌಕರನಿಗೆ. ಖಾಸಗಿ ಕಂಪನಿಯವನಿಗೆ ಪಿತೃತ್ವ ರಜೆ ಕೊಡಲೇಬೇಕು ಅನ್ನುವ ಕಾನೂನೇ ನಮ್ಮಲ್ಲಿ ಇಲ್ಲ. ಗಾರೆ ಕೆಲಸದವನಿಗಂತೂ ರಜೆ ಅಂದರೆ ಕೂಲಿ ಇಲ್ಲದ ದಿನ.

ಹಾಗಾದರೆ ನಾಳೆಯಿಂದ ಏನು ಮಾಡಬೇಕು ಅಂತ ಕೇಳುತ್ತೀರಿ. ದೊಡ್ಡದೇನೂ ಬೇಡ. ಅಂಗನವಾಡಿಯ ದಾಖಲೆಯಲ್ಲಿ ಅಪ್ಪನ ಫೋನ್ ನಂಬರನ್ನೂ ಬರೆದುಕೊಳ್ಳಿ. ಆದರೆ ಮೊದಲು ಅಮ್ಮನನ್ನು ಕೇಳಿ, 'ಅವರಿಗೆ ಫೋನ್ ಮಾಡಿದರೆ ನಿಮಗೆ ತೊಂದರೆ ಆಗುತ್ತಾ?' ಅಂತ. ಅವಳು ಸುಮ್ಮನಾದರೆ ಆ ಮೌನವೂ ಒಂದು ಉತ್ತರ, ಅಲ್ಲಿಗೆ ನಿಲ್ಲಿಸಿ ಮೇಲ್ವಿಚಾರಕಿಗೆ ತಿಳಿಸಿ. ತೊಂದರೆ ಇಲ್ಲ ಅಂದರೆ ಮಾಡಿ. ಅಂಗನವಾಡಿಯ ಬಾಲ ವಿಕಾಸ ಸಮಿತಿಯ ಸಭೆಯನ್ನು ವರ್ಷದಲ್ಲಿ ಕೆಲವು ಸಲವಾದರೂ ಭಾನುವಾರ ಅಥವಾ ಊರಿನ ಸಂತೆಯ ದಿನ ಸಂಜೆ ಇಟ್ಟು ನೋಡಿ. ಬೆಂಗಳೂರಿನಲ್ಲಿ ಶೀಟಿನ ಮನೆಯಲ್ಲಿ ಇರುವ ಅಪ್ಪ ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬಂದೇ ಬರುತ್ತಾನೆ, ಮನೆ ಭೇಟಿಯನ್ನು ಆ ವಾರಕ್ಕೆ ಇಟ್ಟುಕೊಳ್ಳಿ. ಉಡುಪಿ, ಭಟ್ಕಳದ ಕಡೆಯವರಿಗೆ ಕುವೈತಿನ ಅಪ್ಪಂದಿರು ಹೊಸಬರಲ್ಲ. ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ, ರಜೆ ಶುಕ್ರವಾರ. ವಿಡಿಯೊ ಕರೆಯಲ್ಲಿ ಕೂರಿಸಿದರೆ ಮಾತಾಡುತ್ತಾರೆ.

ಕೇಳುವ ರೀತಿಯೂ ಬದಲಾಗಬೇಕು. 'ಮಗನನ್ನು ಸರಿಯಾಗಿ ನೋಡಿಕೊಳ್ಳುತ್ತೀರಾ?' ಅಂದರೆ ಅವನು 'ಹೂಂ ಮೇಡಂ' ಅನ್ನುತ್ತಾನೆ, ಇಲ್ಲವೇ 'ಅವಳನ್ನೇ ಕೇಳಿ' ಅನ್ನುತ್ತಾನೆ. 'ನಿಮ್ಮ ಮಗ ಯಾವುದಕ್ಕೆ ಹೆದರುತ್ತಾನೆ?' ಅಂತ ಕೇಳಿ ನೋಡಿ. 'ನಿನ್ನೆ ರಾತ್ರಿ ಊಟ ಯಾರ ಜೊತೆ ಮಾಡಿದ?' ಅಂತ ಕೇಳಿ. 'ನಿಮ್ಮಪ್ಪ ನಿಮ್ಮನ್ನು ಹೊಡೆಯುತ್ತಿದ್ದರಾ?' ಅನ್ನುವುದನ್ನು ಎರಡನೇ ಭೇಟಿಗೆ ಇಟ್ಟುಕೊಳ್ಳಿ. ಈ ಪ್ರಶ್ನೆಗಳಿಗೆ ಸುಳ್ಳು ಹೇಳುವುದು ಕಷ್ಟ. ಉತ್ತರ ಗೊತ್ತಿಲ್ಲದವನ ಮುಖವೂ ನಿಮಗೆ ಬೇಕಾದಷ್ಟು ಹೇಳುತ್ತದೆ.

ಕುಡಿತದ ಬಗ್ಗೆ ಒಂದೇ ಮಾತು. 'ಕುಡುಕ' ಅಂತ ಬರೆದು ಕಡತ ಮುಚ್ಚಬೇಡಿ. ಎಷ್ಟು, ಯಾವಾಗ, ಕುಡಿದಾಗ ಮಗು ಎಲ್ಲಿರುತ್ತದೆ ಅಂತ ಬರೆಯಿರಿ. ಸಂಬಳದ ದಿನ ಕುಡಿದು ಮಲಗುವವನು ಬೇರೆ, ದಿನಾ ಕುಡಿದು ಕೈ ಎತ್ತುವವನು ಬೇರೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ತಾಲ್ಲೂಕುಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಅಲ್ಲಿಂದ ಹೊರಗೆ ಬಂದ ಮೊದಲ ವಾರಗಳಲ್ಲಿ ಆ ಮನೆಗೆ ನೀವು ಹೋಗಬೇಕು. ಆಗ ಅವನೇ ಮಾತಿಗೆ ಕಾಯುತ್ತಿರುತ್ತಾನೆ.

ಮಾತು ಮುಗಿದ ಮೇಲೆ ಒಬ್ಬ ಮೇಲ್ವಿಚಾರಕಿ ಎದ್ದು ಕೇಳಿದರು: 'ಮೇಡಂ, ಅಪ್ಪ ಜೈಲಿನಲ್ಲಿದ್ದರೆ? ಅವನನ್ನೂ ಕೇಳಬೇಕಾ?'

ಯಾವ ಕಾರಣಕ್ಕೆ ಒಳಗಿದ್ದಾನೆ ಅನ್ನುವುದು ಮೊದಲು, ಅಂದೆ. ಈ ಮಗುವಿಗೋ ಇದರ ಅಮ್ಮನಿಗೋ ಮಾಡಿದ್ದಕ್ಕೆ ಒಳಗಿದ್ದರೆ ನ್ಯಾಯಾಲಯ ಹೇಳುವ ತನಕ ಸಂಪರ್ಕ ಬೇಡ. ಬೇರೆ ಕಾರಣಕ್ಕಾದರೆ ಅವನ ಮಗು ಎಲ್ಲಿದೆ ಅಂತ ತಿಳಿಯುವ ಹಕ್ಕು ಅವನಿಗಿದೆ, ಅವನ ಕಡೆಯ ನೆಂಟರ ಹೆಸರು ನಮಗೆ ಬೇಕಾಗಿದೆ. ಸಮಿತಿಯ ಮೂಲಕ ಜೈಲಿಗೆ ಪತ್ರ ಬರೆಯಬಹುದು. ಇ-ಮುಲಾಕಾತ್ ಅನ್ನುವ ಜೈಲಿನ ಆನ್‌ಲೈನ್ ಭೇಟಿಯಲ್ಲಿ ಮನೆಯವರು ವಿಡಿಯೊ ಮೂಲಕ ಮಾತಾಡುವ ವ್ಯವಸ್ಥೆಯೂ ಇದೆ. ಮಗುವನ್ನು ಕೇಳಿ, ಅದು ಬೇಡ ಅಂದರೆ ಬೇಡ.

'ನಮೂನೆಯಲ್ಲಿ ಏನಂತ ಬರೆಯೋದು?' ಅಂದರು ಅವರು. ಉದ್ಯೋಗದ ಕಾಲಂನಲ್ಲಿ 'ಜೈಲು' ಅಂತ ಬರೆಯಬೇಡಿ, ಅಂದೆ. ಒಳಗೆ ಹೋಗುವ ಮುಂಚೆ ಗಾರೆ ಕೆಲಸ ಮಾಡುತ್ತಿದ್ದರೆ ಗಾರೆ ಕೆಲಸ ಅಂತಲೇ ಬರೆಯಿರಿ. ಈಗ ಎಲ್ಲಿದ್ದಾನೆ ಅನ್ನುವುದಕ್ಕೆ ವಿಳಾಸದ ಕಾಲಂ ಬೇರೆ ಇದೆ.